ಎಂಟನೆಯ ಎಸಳು

ಟಕ್, ಟಕ್, ಅದು ತೆಂಗಿನ ಚಿಪ್ಪಿನ ಚೂರು, ಸೂಜಿ ಒತ್ತಲು ಬೆರಳಿಗೆ ಕಟ್ಟಿಕೊಂಡಿದ್ದು, ಹೊಲಿದು ಮುಗಿದರೂ ಬಿಚ್ಚಿಲ್ಲ ಇವಳು, ನನ್ನ ಕಟಿಂಗ್ ಮೇಜಿಗೆ ತಾಗಿ ಸದ್ದು ಮಾಡುತ್ತಿದೆ — ಮಾಯಸಂದ್ರದ ಚಿಕ್ಕಗೌರಮ್ಮ, ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುವವಳು, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ, ನನ್ನ ಮೊಮ್ಮಗುವಿಗೆಂದು ನಾನೇ ಚೂರುಬಟ್ಟೆಯ ಚೀಲ ಕೊಟ್ಟು ಹೊಲಿಸಿದ್ದು, ಬೆಳಗಿನ ಬಸ್ಸಿಗೇ ತಂದು ಹಾಸಿದ್ದಾಳೆ, ಕೌದಿಯ ಒಂದೊಂದು ಚೌಕ ಮನೆಯ ಮೇಲೂ ಬೆರಳಿಟ್ಟು ಹೆಸರು ಹೇಳುತ್ತಿದ್ದಾಳೆ, ನೋಡಿ ವಸಂತಣ್ಣ, ಇದು ಚೌಕಾಬಾರ, ನಾಕು ಕಡೇನೂ ಕಟ್ಟೆ ಮನೆ ಕಾಣ್ತೈತಲ್ಲ, ಕಾಣುತ್ತೆ ಕಣಮ್ಮ, ಕಾಣದೆ ಏನು, ಅದು ಹೈಸ್ಕೂಲಿನ ಹನುಮಂತಯ್ಯ ಮೇಷ್ಟ್ರ ಪ್ಯಾಂಟಿನ ಬೂದಿ ಬಣ್ಣ, ಅದರ ಪಕ್ಕದ್ದು ಮೇಷ್ಟ್ರ ಹೆಂಡತಿಯದೇ ರವಿಕೆ, ಗಂಡ ಹೆಂಡತಿ ಇಬ್ಬರನ್ನೂ ಬಿಟ್ಟಿಲ್ಲ ನಾನು, ಯಾರದೇ ಬಟ್ಟೆ ಬರಲಿ ಅರ್ಧ ಗೇಣು ಒಳಗೆ ಎಳೆದುಕೊಳ್ಳಬೇಕು, ಕತ್ತರಿಗೂ ಹೊಟ್ಟೆ ಇರ್ತದೆ ಕಣ್ಲಾ, ತಿಪಟೂರಿನಲ್ಲಿ ನನಗೆ ಕಸುಬು ಕಲಿಸಿದ ಗಿಡ್ಡಯ್ಯ ಹೇಳುತ್ತಿದ್ದ, ಎಲ್ಲ ಟೈಲರೂ ಮಾಡುವುದೇ, ಯಾರ ಮಾನವೂ ಹೋಗಿಲ್ಲ, ಟಕ್, ಇದು ತೆಂಗಿನಗರಿ, ಎರಡೂ ಕಡೆ ಪಟ್ಟಿ ಕೊಟ್ರೆ ಹಸಿಗರಿ, ಒಂದೇ ಕಡೆ ಕೊಟ್ರೆ ಒಣಗರಿ, ಕೂಸಿಗೆ ಒಣಗರಿ ಹಾಸ್ಬಾರ್ದು, ಅದ್ಕೇ ಹಸೀದೇ ಹಾಕಿವ್ನಿ, ಒಳ್ಳೇದಾಯ್ತು ಬುಡಮ್ಮ ಅಂದೆ, ನಗಲೂ ನಕ್ಕೆ, ಆದರೆ ನನ್ನ ಕಣ್ಣು ಅವಳ ಬೆರಳಿಗಿಂತ ಮುಂದೆ ಹೋಗಿಬಿಟ್ಟಿದೆ, ಕೌದಿಯ ನಟ್ಟನಡುವೆ ಗಿಳಿಹಸಿರು.

ಗಿಳಿಹಸಿರು ಆ ಚೀಲಕ್ಕೆ ಹೇಗೆ ಬಂತು, ಮೆಷಿನ್ ಕೆಳಗಿದ್ದ ಚೀಲವನ್ನು ನಾನೇ ಬಾಯಿ ಬಿಚ್ಚಿಯೂ ನೋಡದೆ ಎತ್ತಿ ಇವಳ ಕೈಗೆ ಕೊಟ್ಟೆನಲ್ಲ, ಕದ್ದ ಬಟ್ಟೆಯನ್ನು ಕಳಕೊಂಡವಳ ಕೈಗೇ, ಇಂಥ ಬುದ್ಧಿಗೇಡಿ ಇನ್ನೊಬ್ಬ ಇದ್ದಾನೆಯೇ ತುರುವೇಕೆರೆಯಲ್ಲಿ — ಹೋದ ವರ್ಷದ ಗೌರಿ ಹಬ್ಬ, ಇದೇ ಮೇಜಿನ ಮುಂದೆ ಇವಳು, ಮಗ್ಗುಲಲ್ಲಿ ಮಗಳು ವನಜಾಕ್ಷಿ, ಲಂಗಕ್ಕೆಂದು ತಂದ ಗಿಳಿಹಸಿರು ಬಟ್ಟೆಯ ಪೊಟ್ಟಣವನ್ನು ಎದೆಗೆ ಅವುಚಿಕೊಂಡು, ಅಣ್ಣ ನೆರಿಗೆ ಜಾಸ್ತಿ ಇಡಿ ಅಂದಿತ್ತು ಹುಡುಗಿ, ಬಟ್ಟೆ ಬೇಕಾದಷ್ಟಿತ್ತು, ಎರಡು ಮಡಿಕೆ ಒಳಗೆ ಮಡಿಸಿ ಹೊಲಿಯುವಷ್ಟಿತ್ತು, ಆದರೆ ಬಣ್ಣ ಅಷ್ಟು ಚೆನ್ನಾಗಿತ್ತು, ನನ್ನ ಮಗಳು ಧನಲಕ್ಷ್ಮಿಯ ರವಿಕೆ ತೋಳಿಗೆ ಆಗುತ್ತೆ ಅನ್ನಿಸಿತು, ಎಲ್ಲರದೂ ಅರ್ಧ ಗೇಣಾದರೆ ಇವಳದು ಒಂದು ಮೊಳ ಎಳೆದೆ, ಆಮೇಲೆ ಧನಲಕ್ಷ್ಮಿ ಥೂ ಅಪ್ಪ ಇದೇನು ಕಣ್ಣು ಕುಕ್ಕೋ ಬಣ್ಣ ಅಂತ ಮೂಗು ಮುರಿದು ಬಿಸಾಡಿದಳು, ಚೀಲಕ್ಕೆ ಹೋಯ್ತು, ನಾನೂ ಮರೆತೆ, ಮರೆತೆನೇ, ಲಂಗ ತೊಟ್ಟು ಕನ್ನಡಿ ಮುಂದೆ ನಿಂತಿತಲ್ಲ ಆ ಹುಡುಗಿ, ಕಣಕಾಲಿಗಿಂತ ಮೇಲೆ, ಅವ್ವಾ ಗಿಡ್ಡ ಆಯ್ತು ಕಣವ್ವಾ, ಎರಡೂ ಕೈಯಿಂದ ಅಂಚು ಹಿಡಿದು ಕೆಳಕ್ಕೆ ಎಳೆಯುತ್ತಾ, ಬಟ್ಟೆ ಸಾಲಲಿಲ್ಲ ಕಣಮ್ಮ, ನೀನೇ ಕಮ್ಮಿ ತಂದಿದ್ದೆ ಅಂದೆ, ನಾಲಿಗೆ ತಡವರಿಸಲೂ ಇಲ್ಲ, ಇವಳು ತಲೆ ತಗ್ಗಿಸಿದಳು, ನಂದೇ ತಪ್ಪು ವಸಂತಣ್ಣ, ನಂಗೆ ಮೀಟರ್ ಲೆಕ್ಕ ತಿಳಿಯಾಕಿಲ್ಲ, ಹೊಲಿದ ಕೂಲಿ ಕೊಟ್ಟೇ ಹೋದಳು, ಹುಡುಗಿ ಮೆಟ್ಟಿಲಿಳಿಯುವಾಗಲೂ ಎಳೆಯುತ್ತಲೇ ಇತ್ತು, ಎಳೆದರೆ ಬಟ್ಟೆ ಉದ್ದವಾಗುತ್ತದೆಯೇ.

ಟಕ್, ಗಿರಗಟ್ಲೆ, ನಾಕು ಮುಕ್ಕೋಣ ತುದಿ ಕೂಡ್ಸಿದ್ರಾಯ್ತು, ಬೆರಳು ನಡುಮಧ್ಯಕ್ಕೆ ಬಂತು, ನಿಂತಿತು, ಬೇಡ, ಬೇರೆ ಏನಾದರೂ ಮಾತಾಡು ತಾಯಿ, ಇದು ತಾವರೆ ವಸಂತಣ್ಣ, ಎಂಟೆಸಳಿಂದು, ಕೆಲವರು ಆರೆಸಳು ಹಾಕ್ತಾರೆ, ನಮ್ಮವ್ವ ಎಂಟೇ ಹಾಕ್ತಿದ್ಲು, ಗಿಳಿಹಸಿರಿನ ಏಳು ಎಸಳು ಹೂವಿನ ಹಾಗೇ ತುಂಬಿಕೊಂಡಿವೆ, ಕೆಳಗಿನದು ಮಾತ್ರ ಮೋಟು, ಅರ್ಧಕ್ಕೇ ನಿಂತಿದೆ, ಅದರ ಕೆಳಗೆ ಬರೀ ಅಡಿಬಟ್ಟೆಯ ಬಿಳಿ ಅಸ್ತರಿ, ಇದ್ಯಾಕಮ್ಮ ಹಿಂಗೆ, ಕೇಳಬಾರದಿತ್ತು, ಕೇಳಿಬಿಟ್ಟೆ, ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು, ಸಿಟ್ಟಿಲ್ಲ, ನಗುವೂ ಇಲ್ಲ, ಬಟ್ಟೆ ಸಾಲಲಿಲ್ಲ ಕಣಣ್ಣ, ಅಂದಳು. ಸಾಲಲಿಲ್ಲವಂತೆ, ಒಂದು ಮೊಳ, ಇಂಥ ಎರಡು ತಾವರೆಗಾಗುವಷ್ಟು, ಉಳಿದದ್ದು ಹೊಲಿದವಳಿಗೆ ಅನ್ನುವುದು ಕೌದಿಯ ರೂಢಿ, ಅವಳ ಚೀಲದ ಬಾಯಲ್ಲಿ ಗಿಳಿಹಸಿರಿನ ತುದಿ ಇಣುಕುತ್ತಿದೆ, ಮುಚ್ಚಿಟ್ಟಿಲ್ಲ, ನನಗೆ ಕಾಣಲೆಂದೇ ಇಟ್ಟ ಹಾಗೆ, ಈಗ ಹೇಳು, ಈಗ ಹೇಳಿಬಿಡು ವಸಂತ, ತಪ್ಪಾಯ್ತು ಕಣಮ್ಮ ಅನ್ನಲು ಎಷ್ಟು ಉಸಿರು ಬೇಕು, ಬಾಯಿ ತೆರೆದೆ, ಬಂದದ್ದು ಚೆನ್ನಾಗೈತೆ ಕಣಮ್ಮ ಅನ್ನುವ ಮಾತು, ಥೂ ನನ್ನ ಬಾಯಿಗಿಷ್ಟು, ಬತ್ತೀನಿ ವಸಂತಣ್ಣ, ಬಸ್ಸು ಹೊಂಟೋಯ್ತದೆ, ಚಿಪ್ಪಿನ ಚೂರನ್ನು ಈಗ ಬಿಚ್ಚಿದಳು, ಮೆಟ್ಟಿಲಿಳಿದಳು, ಮೂಲೆ ತಿರುಗುವವರೆಗೂ ಕೂಗಬಹುದಿತ್ತು, ತಿರುಗಿದ ಮೇಲೂ ಕೂಗಬಹುದಿತ್ತು.

ಅಪ್ಪಾ ಕೌದಿ ತತ್ತಾರಪ್ಪ, ಒಳಗಿನಿಂದ ಧನಲಕ್ಷ್ಮಿ, ನಾನು ಬರಲಿಲ್ಲವೆಂದು ಕೂಸನ್ನೆತ್ತಿಕೊಂಡು ಅವಳೇ ಬಂದಳು, ಅಯ್ಯೋ ಎಷ್ಟು ಚೆನ್ನಾಗೈತೆ, ಮೇಜಿನ ಮೇಲೇ ಮಲಗಿಸಿದಳು, ತಾವರೆಯ ಮೇಲೆ, ಅಪ್ಪಾ ಈ ಹಸಿರು ಎಲ್ಲೋ ನೋಡಿದ್ದೀನಲ್ಲ, ಕೂಸು ಕಾಲು ಝಾಡಿಸುತ್ತಿದೆ, ಹಿಮ್ಮಡಿ ಎಂಟನೆಯ ಎಸಳಿನಿಂದ ಆಚೆಗೆ, ಬಿಳಿ ಅಸ್ತರಿಯ ಮೇಲೆ, ಮುಚ್ಚಬೇಕಲ್ಲ ಅದನ್ನು, ಒಂಚೂರು, ಇನ್ನೊಂಚೂರು, ಅಪ್ಪಾ ಏನ್ಮಾಡ್ತಿದ್ದೀಯಾ ಹೊಲಿಗೆ ಕಿತ್ತೋಯ್ತದೆ ಬುಡು, ಏನು ಮಾಡುತ್ತಿದ್ದೇನೆ, ಬಗ್ಗಿದ್ದೇನೆ, ಗಿಳಿಹಸಿರಿನ ಅಂಚು ಹಿಡಿದಿದ್ದೇನೆ, ಎರಡೂ ಕೈಯಿಂದ, ಕನ್ನಡಿ ಮುಂದೆ ಆ ಹುಡುಗಿಯ ಹಾಗೆ, ಕೆಳಕ್ಕೆ, ಎರಡೂ ಕೈಯಿಂದ ಕೆಳಕ್ಕೆ ಎಳೆಯುತ್ತಾ —