ಹನ್ನೆರಡು ಎಂದವರು ಯಾರು

ಬೇರೆಯವರ ಮನೆಯ ನೋವನ್ನು ಹೇಳಹೊರಟಿದ್ದೇನೆ. ಇದು ನನ್ನ ಅಧಿಕಪ್ರಸಂಗ ಎನಿಸಿದರೆ ಮನ್ನಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಹಾಲ್ಬೆರಾಳದ್ದಲ್ಲ.

ಹಾಲ್ಬೆರಾ ಊರ ಬಂದರಿನ ಮೀನು ಕಾರ್ಖಾನೆಯಲ್ಲಿ ಸಂಜೆ ಪಾಳಿಯವಳು. ಗಂಡನಿಲ್ಲ, ಇರುವುದೊಬ್ಬಳೇ ಮಗಳು, ಹೆಸರು ಇಲ್ವಾ. ಅಜ್ಜಿ ತೀರಿಕೊಂಡ ಮೇಲೆ ಹುಡುಗಿಗೆ ಖಾಲಿ ಮನೆಯೆಂದರೆ ಭಯ. ರಾತ್ರಿ ಒಂಬತ್ತಕ್ಕೆ ಪಾಳಿ ಮುಗಿಯುವವರೆಗೆ ಕಾರ್ಖಾನೆಯ ಕಟ್ಟೆಯ ಮೇಲೆ ಅಮ್ಮನಿಗಾಗಿ ಕಾದು ಕೂರುತ್ತಿದ್ದಳು. ಕಾನೂನಿಗೆ ಅದರಲ್ಲಿ ತಕರಾರಿರಲಿಲ್ಲ. ಚಳಿಗಾಲದಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳು ರಾತ್ರಿ ಎಂಟಕ್ಕೆ ಮನೆ ಸೇರಬೇಕು, ಹದಿಮೂರಾದವರು ಹತ್ತಕ್ಕೆ. ಐಸ್‌ಲ್ಯಾಂಡಿನಲ್ಲಿ ಮಕ್ಕಳಿರುವ ಮನೆಯ ಫ್ರಿಜ್ಜಿಗೆ ಈ ಗಂಟೆಗಳ ಚೀಟಿ ಅಂಟಿಕೊಂಡೇ ಇರುತ್ತದೆ. ಕಾನೂನು ಹುಟ್ಟಿದ ದಿನ ಕೇಳುವುದಿಲ್ಲ, ಹುಟ್ಟಿದ ವರ್ಷ ಮಾತ್ರ ನೋಡುತ್ತದೆ. ಇಲ್ವಾ ಹುಟ್ಟಿದ್ದು ಡಿಸೆಂಬರಿನಲ್ಲಿ. ಆದರೂ ಜನವರಿಯಿಂದಲೇ ಲೆಕ್ಕಕ್ಕೆ ಅವಳು ಹದಿಮೂರರವಳು.

ಅಕ್ಟೋಬರಿನಲ್ಲಿ ಮಕ್ಕಳ ರಕ್ಷಣಾ ಕಚೇರಿಯಿಂದ ಫೋನ್ ಬಂತು.

"ಹನ್ನೆರಡು ವರ್ಷದ ಮಗು ಎಂಟರ ಮೇಲೂ ಕಟ್ಟೆ ಮೇಲೆ ಒಂಟಿಯಾಗಿ ಕೂತಿರುತ್ತೆ, ಮನೇಲಿರೋಕೆ ಭಯವಂತೆ ಅಂತ ದೂರು ಬಂದಿದೆ. ಮನೆಗೆ ಬಂದು ನೋಡ್ತೀವಿ."

"ಯಾರು ಹೇಳಿದ್ದು?"

"ಹೆಸರು ಹೇಳೋ ಹಾಗಿಲ್ಲಮ್ಮ."

ಮಗಳನ್ನೇ ಕಿತ್ತುಕೊಂಡು ಹೋದರೆ? ಹಾಲ್ಬೆರಾ ರಾತ್ರಿಯೆಲ್ಲ ಮಗಳ ಹಾಸಿಗೆಯ ಪಕ್ಕದಲ್ಲೇ ಕೂತಳು.

ಮರುದಿನ ಬೆಳಿಗ್ಗೆ ಎಂದಿನಂತೆ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಇಳಿದಳು. ಬಾಲ್ಯದ ಗೆಳತಿ ಸೋಲ್ರೂನ್ ಅಲ್ಲಿದ್ದಳು. ಸಂಜೆಯ ಹೊತ್ತು ಹಳದಿ ಅಂಗಿ ತೊಟ್ಟು ಬೀದಿ ಸುತ್ತುವ ಹೆತ್ತವರ ಗುಂಪಿನವಳು ಅವಳು. ಹೊರಗೆ ಸಿಕ್ಕ ಮಗುವನ್ನು ಮನೆಗೆ ಕರೆತಂದು ಬಾಗಿಲು ತಟ್ಟುವುದು, ಹೆಸರನ್ನು ಎಲ್ಲೂ ಆಡದಿರುವುದು ಆ ಗುಂಪಿನ ರೂಢಿ.

ಮುದುಕ ಬ್ರಾಂದೂರ್ ಕೆಣಕುತ್ತಿದ್ದ. "ಏನಮ್ಮ ಹಳದಿ ಪೊಲೀಸು, ನಿನ್ನೆ ಯಾರು ಸಿಕ್ಕಿಬಿದ್ರು?"

"ನಿಂಗೇ ಹತ್ತರ ಗಡಿ ಹಾಕ್ಬೇಕು ತಾತ."

"ಜೂನಲ್ಲಿ ಹಾಕು, ನೋಡೋಣ. ಸೂರ್ಯನೇ ಮನೆಗೆ ಹೋಗಲ್ಲ, ನಾನು ಹೋಗ್ಲಾ?"

ನಗುತ್ತಲೇ ಅವನು ಎದ್ದು ಹೋದ. ಹಾಲ್ಬೆರಾ ಮೆಲ್ಲಗೆ ಹೇಳಿದಳು, "ಇಲ್ವಾ ಮೇಲೆ ಯಾರೋ ದೂರು ಕೊಟ್ಟಿದ್ದಾರೆ ಕಣೇ. ಹನ್ನೆರಡು ವರ್ಷದವಳು ಅಂದಿದ್ದಾರೆ."

"ಡಿಸೆಂಬರ್‌ವರೆಗೂ ಹನ್ನೆರಡೇ ಅಲ್ವೇನೇ?"

ಅಂದವಳೇ ಸೋಲ್ರೂನ್ ತುಟಿ ಕಚ್ಚಿಕೊಂಡಳು. ಊರಿನವರೆಲ್ಲ ಇಲ್ವಾಳನ್ನು ಎಣಿಸುವುದು ಶಾಲೆಯ ತರಗತಿಯಿಂದ, ಹದಿಮೂರರವರ ಜೊತೆ. ದಿನ ಹಿಡಿದು ಎಣಿಸುವವಳು, ವರ್ಷ ವರ್ಷವೂ ಹುಟ್ಟುಹಬ್ಬದ ಕೇಕು ಮಾಡಿ ತರುವ ಇವಳೊಬ್ಬಳೇ. ಅಜ್ಜಿ ಹೋದ ಮೇಲಿನ ಭಯದ ಮಾತನ್ನು ಹಾಲ್ಬೆರಾ ಹೇಳಿಕೊಂಡದ್ದೂ ಇವಳೊಬ್ಬಳ ಹತ್ತಿರ, ಇದೇ ತೊಟ್ಟಿಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕಂಡೋರು ತಿಳಿಸ್ಲೇಬೇಕು ಅಂತ ಕಾನೂನಿದೆ ಕಣೇ," ಎಂದಳು ಸೋಲ್ರೂನ್. "ಯಾರಾದ್ರೂ ನಿಂಗೆ ಸಹಾಯ ಮಾಡ್ಲಿ ಅಂತ..."

"ಯಾರಾದ್ರೂ ಯಾಕೆ? ನೀನಿರ್ಲಿಲ್ವಾ? ಕೈ ಹಿಡ್ಕೊಂಡು ನಿನ್ ಮನೆಗೆ ಕರ್ಕೊಂಡು ಹೋಗಿದ್ರೆ ಆಗ್ತಿತ್ತಲ್ಲೇ."

ಹಾಲ್ಬೆರಾ ತೊಟ್ಟಿಯಿಂದ ಎದ್ದು ಹೋದಳು.

ಕಚೇರಿಯವರು ಬಂದರು, ಇಲ್ವಾಳ ಜೊತೆ ಮಾತಾಡಿದರು, ತಪ್ಪೇನೂ ಇಲ್ಲವೆಂದು ಹೋದರು. ಈಗ ಹುಡುಗಿ ಕಾರ್ಖಾನೆಯ ಊಟದ ಕೋಣೆಯಲ್ಲಿ ಕೂರುತ್ತಾಳೆ. ಡಿಸೆಂಬರಿನಲ್ಲಿ ಹೊಸ್ತಿಲ ಮೇಲೆ ಕೇಕು ಬಂದಿತ್ತು. ಮಗಳು ತಿಂದಳು. ತಾಯಿ ತಟ್ಟೆ ತೊಳೆದು ಸೋಲ್ರೂನಳ ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟದೆ ಬಂದಳು.

ಸೋಲ್ರೂನ್ ದೂರು ಕೊಟ್ಟಿದ್ದು ಮಗುವಿನ ಮೇಲಿನ ಅಕ್ಕರೆಯಿಂದಲೋ, ಹೊರೆ ತನ್ನ ಮೇಲೆ ಬೀಳದಿರಲೆಂದೋ, ನನಗೆ ಗೊತ್ತಿಲ್ಲ.