ಬೋರವ್ವನಿಗೆ ಹೇಳಿದ ಮಾತು

ತಿಕೋಟಾ ಕಡೆಯ ಒಂದು ಹಳ್ಳಿ. ಅಲ್ಲಿ ಕೊನೆಯ ಓಣಿಯ ಗಟಾರಕ್ಕೆ ಮೇಲೆ ಮುಚ್ಚುವ ಫರಸಿ ಕಲ್ಲು ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಿರಲಿಲ್ಲ.

ಹೋದ ಗ್ರಾಮಸಭೆಯಲ್ಲಿ ಹೇಳಲೆಂದು ಆ ಓಣಿಯ ರುಕ್ಮವ್ವ ಎದ್ದು ನಿಂತಿದ್ದಳು. ಮುಂದೆ ಕುಳಿತ ಗಂಡಸರೆಲ್ಲ ಒಮ್ಮೆಗೇ ಹೊರಳಿ ನೋಡಿದರು. ಹಿರಿಯರ ಎದುರಿನ ರೂಢಿಯಂತೆ ಅವಳ ಕೈ ಸೆರಗನ್ನು ಬಾಯಿಗೆ ತಂದಿತು. ಮಾತು ಸೆರಗಿನೊಳಗೇ ಇಂಗಿತು. "ಏನಿಲ್ಲರಿ" ಎಂದು ಕುಳಿತಳು. ಯಾರೋ ನಕ್ಕರು. ಪಕ್ಕದಲ್ಲಿದ್ದ ಎದುರು ಮನೆಯ ಮುದುಕಿ ಬೋರವ್ವ ಅವಳ ಮೊಣಕಾಲು ತಟ್ಟಿದಳು. "ಇರಲಿ ಬಿಡಬೇ, ಮುಂದಿನ ಸಲ ಹೇಳೀಯಂತ."

ಮುಂದಿನ ಸಲಕ್ಕೆ ಬೋರವ್ವ ಉಳಿಯಲಿಲ್ಲ. ಮಳೆಯಾದ ಒಂದು ಮುಂಜಾನೆ ಅದೇ ಗಟಾರದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ವಿಜಯಪುರದ ದವಾಖಾನೆಯಿಂದ ಹೆಣವಾಗಿ ಬಂದಳು.

ಹೆಣದ ಮುಂದೆ ಹಾಡಿ ಅಳುವುದರಲ್ಲಿ ಊರಿಗೆಲ್ಲ ರುಕ್ಮವ್ವನದೇ ಮೇಲುದನಿ. "ಮುಚ್ಚಲಾರದ ಗಟಾರ ನಿನ್ನ ನುಂಗೇತಲ್ಲ ನನ್ನವ್ವಾ! ಕಲ್ಲು ಹಾಕೋರಿಲ್ಲದ ಓಣ್ಯಾಗ ಹೆಂಗ ಬಾಳಿದಿ ನನ್ನವ್ವಾ!" ಅಂಗಳದ ತುಂಬ ಜನ. ಪಂಚಾಯ್ತಿಯವರೂ ನಿಂತಿದ್ದರು. ಅಳುವೆಂದು ಕೇಳಿದರು, ಅಳುವೆಂದೇ ಮರೆತರು.

ಮಣ್ಣು ಮಾಡಿ ಮುಗಿದ ಮೇಲೆ ಆಶಾ ಕಾರ್ಯಕರ್ತೆ ವಿಶಾಖಾ ಬಂದು ರುಕ್ಮವ್ವನ ಕಟ್ಟೆಯ ಮೇಲೆ ಕುಳಿತಳು.

"ಅತ್ತಿ, ಅಳುವಾಗ ನೀ ಒಂದು ಮಾತೂ ತಡವರಿಸಲಿಲ್ಲ."

"ಅದು ಅಳೂದವಾ. ಸಭಾದಾಗ ನನ್ನ ಬಾಯಿ ಒಣಗತೈತಿ, ಕಾಲು ನಡಗತಾವು."

"ನನ್ನವೂ ನಡಗತಾವು. ಮೀಟಿಂಗಿನ್ಯಾಗ ಎದ್ದು ನಿಂತಾಗೆಲ್ಲಾ ಇನ್ನೂ ನಡಗತಾವು. ನಡಗಿದ್ರ ನಡಗಲಿ, ಮಾತು ನಿಲ್ಲಸಬ್ಯಾಡ. ಅಳುವಾಗ ಯಾರಿಗಿ ಹೇಳಾಕತ್ತಿದ್ದಿ?"

"ಬೋರವ್ವಗ."

"ಸಭಾದಾಗೂ ಒಬ್ಬರಿಗೇ ಹೇಳು. ನಿನಗ ಬೇಕಾದವರ ಮಾರಿ ಅಷ್ಟ ನೋಡು. ಮೊದಲ ನಿನ್ನ ಹೆಸರು, ಓಣಿ ಹೇಳು. ಆಮ್ಯಾಲ ಏನಾಗೇತಿ, ಏನ ಬೇಕು. ಮನ್ಯಾಗ ಗಟ್ಟ್ಯಾಗಿ ಅಂದು ರೂಢಿ ಮಾಡ್ಕೋ."

ಒಳಗಿನಿಂದ ರುಕ್ಮವ್ವನ ಗಂಡ ರಾಯಪ್ಪ ಗೊಣಗಿದ: "ಹೋದ ಸಲ ನಕ್ಕಾರ. ಮತ್ತ ನಗಿಸಿಕೋಬೇಕೇನು?"

"ನಗಲಿ ಬಿಡ್ರಿ ಮಾವಾ. ಅವರು ನಕ್ಕರ ಯಾರೂ ಸಾಯಂಗಿಲ್ಲ."

ರಾಯಪ್ಪ ಬಾಗಿಲಿಗೆ ಬಂದು ಎದುರಿನ ಗಟಾರವನ್ನು ನೋಡಿದ.

ರುಕ್ಮವ್ವ ರೊಟ್ಟಿ ಬಡಿಯುತ್ತ ದಿನವೂ ಹೇಳಿಕೊಂಡಳು. ಆಮೇಲಾಮೇಲೆ ರಾಯಪ್ಪನೇ, "ರೊಟ್ಟಿ ಸಪ್ಪಳದಾಗ ಕೇಳವಲ್ದು, ಇನ್ನಷ್ಟು ಗಟ್ಟ್ಯಾಗಿ ಅನ್ನು" ಎನ್ನತೊಡಗಿದ.

ಸಭೆಯ ದಿನ, ಬೋರವ್ವ ಕೂರುತ್ತಿದ್ದಲ್ಲಿ ವಿಶಾಖಾ ಕುಳಿತಳು. ರುಕ್ಮವ್ವ ಎದ್ದಳು. ಕಾಲು ನಡುಗಿದವು. ಕೈ ಮತ್ತೆ ಸೆರಗನ್ನು ಬಾಯಿಗೆ ತಂದಿತು. ಗಂಡಸರ ಸಾಲಿನಿಂದ ರಾಯಪ್ಪನ ದನಿ ಬಂತು: "ಬಾಯಿ ಮ್ಯಾಲಿನ ಸೆರಗ ಸರಸು. ಇಲ್ಲಿತನಕ ಕೇಳಬೇಕು."

ಅವಳು ಸೆರಗು ಸರಿಸಿ, ವಿಶಾಖಾಳನ್ನೇ ನೋಡುತ್ತ ಹೇಳಿದಳು: "ನಾ ರುಕ್ಮವ್ವ, ಕಡೀ ಓಣ್ಯಾಕಿ. ನಮ್ಮ ಗಟಾರದಾಗ ಬಿದ್ದು ಬೋರವ್ವ ಸತ್ತಾಳ. ಅದಕ್ಕ ಫರಸಿ ಹಾಕಸ್ರಿ. ಯಾವಾಗ ಹಾಕಸ್ತೀರಿ, ಈಗ ಹೇಳ್ರಿ."

ಈ ಸಲ ಯಾರೂ ನಗಲಿಲ್ಲ. ಪಂಚಾಯ್ತಿಯವರು ಅಲ್ಲೇ ದಿನ ಗೊತ್ತು ಮಾಡಿದರು.

ಫರಸಿ ಬಂತು. ಅದರ ಮೇಲೆ ಮೊದಲ ಹೆಜ್ಜೆಯಿಡಲು ರುಕ್ಮವ್ವನಿಗೆ ಕಾಲು ಬರಲಿಲ್ಲ. ಎದುರಿಗೆ ಬೋರವ್ವನ ಮನೆಯ ಬಾಗಿಲು ಹಾಕಿಯೇ ಇತ್ತು.

ಅವ್ವಂದಿರೆ, ಅಕ್ಕಂದಿರೆ, ನಿಮ್ಮ ಓಣಿಯಲ್ಲೂ ಹೇಳದೆ ಉಳಿದ ಮಾತೊಂದಿರಬಹುದು. ಬರುವ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ, ನಡುಗುತ್ತಲೇ ನಿಲ್ಲಿ. ಹೆಸರು ಹೇಳಿ, ಬೇಕಾದ್ದು ಕೇಳಿ. ಹೆಣದ ಮುಂದೆ ಹೇಳಬೇಕಾಗುವ ಮುಂಚೆಯೇ ಹೇಳಿ.