ಇಬ್ಬರು ಗುತ್ತೆವ್ವರು, ಒಂದು ತಪ್ಪು ಗುಳಿಗೆ

ಮಾಸೂರಿನಿಂದ ಕಾಲುವೆ ಹಿಡಿದು ಹೋದರೆ ಸಿಗುವ ಆ ಹಳ್ಳಿಯಲ್ಲಿ ‘ಗುತ್ತೆವ್ವಾ’ ಎಂದು ಕೂಗಿದರೆ ಮೂರು ಮನೆಯ ಬಾಗಿಲಲ್ಲಿ ಮುಖ ಕಾಣುತ್ತದೆ. ಸಂತೆಯಲ್ಲಿ, ಮದುವೆಯಲ್ಲಿ ಇದು ನಗೆಯ ಮಾತು. ಆರೋಗ್ಯ ಉಪಕೇಂದ್ರದಲ್ಲಿ ಹಾಗಲ್ಲ. ಅದು ಸಮತಾಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಒಂದು ಸೋಮವಾರ ಮರೆತಳು.

ಸಮತಾ ಆ ಉಪಕೇಂದ್ರದ ಆರೋಗ್ಯ ಅಧಿಕಾರಿ. ಸವಣೂರು ಕಡೆಯವಳು. ನರ್ಸಿಂಗ್ ಓದಿ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಊರವರ ಬಾಯಲ್ಲಿ ಆಕೆ ‘ಸಿಸ್ಟರ್’. ಬಿಪಿ, ಸಕ್ಕರೆ ಕಾಯಿಲೆಯವರಿಗೆ ತಿಂಗಳ ಗುಳಿಗೆ ಕೊಡುವ ದಿನ ಅದು. ಎಂಟೂವರೆಗೇ ಕಟ್ಟೆ ತುಂಬಿತ್ತು. ನಾಟಿಗೆ ಹೆಣ್ಣಾಳುಗಳನ್ನು ಒಯ್ಯಲು ಬಂದ ಟ್ರ್ಯಾಕ್ಟರ್ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಲೇ ಇತ್ತು.

ಸಮತಾ ಗುಳಿಗೆಗಳನ್ನು ಕವರಿಗೆ ತುಂಬಿ, ಮೇಲೆ ಬರೀ ಹೆಸರು ಬರೆದಿಟ್ಟಿದ್ದಳು; ಎರಡು ಕವರಿನ ಮೇಲೆ ‘ಗುತ್ತೆವ್ವ’ ಎಂದೇ ಇತ್ತು. “ಗುತ್ತೆವ್ವ” ಎಂದು ಕರೆದಳು. ಒಬ್ಬಾಕೆ ಎದ್ದು ಬಂದು ಕೈ ಚಾಚಿದಳು.

“ನಿನ್ನೇನ ಗುಳಿಗಿ ತೀರ್ಯಾವರಿ ಸಿಸ್ಟರ್. ಇಲ್ಲೇ ಒಂದು ನುಂಗಿ ಹೋಗ್ಲ್ಯಾ?”

“ಹ್ಞೂ, ನುಂಗ್ರಿ,” ಎಂದಳು ಸಮತಾ. ಕಣ್ಣು ಮುಂದಿನ ಹೆಸರಿನ ಮೇಲಿತ್ತು.

ಗಂಡನ ಹೆಸರು ಕೇಳಲಿಲ್ಲ. ಯಾವ ಕಾಯಿಲೆಗೆ ಎಂದು ಕೇಳಲಿಲ್ಲ. ಏನಾದರೂ ತಿಂದಿದ್ದೀರಾ ಎಂದೂ ಕೇಳಲಿಲ್ಲ. ಗುತ್ತೆವ್ವ ಅಲ್ಲಿದ್ದ ಕೊಡದಿಂದ ನೀರು ತಗೊಂಡು ಗುಳಿಗೆ ನುಂಗಿ, ಸೆರಗು ಬಿಗಿದು ಟ್ರ್ಯಾಕ್ಟರ್ ಹತ್ತಿದಳು.

ಹನ್ನೊಂದರ ಹೊತ್ತಿಗೆ ಚಹದ ಅಂಗಡಿಯ ಗುತ್ತೆವ್ವ ಬಂದಳು. ಸಮತಾ ಉಳಿದ ಕವರು ಕೊಟ್ಟಳು. ಆಕೆ ಅಲ್ಲೇ ಬಿಚ್ಚಿ ನೋಡಿದಳು.

“ಸಿಸ್ಟರ್, ಇವು ನನ್ನ ಗುಳಿಗಿ ಅಲ್ರಿ. ನನ್ನವು ಹಸರು ಇರ್ತಾವು. ನನಗಿರೂದು ಸಕ್ಕರಿ. ಇವು ಬಿಪಿಗೆ ಕೊಡ್ತಾರಲ್ಲ, ಅವು ಇದ್ದಂಗ ಅದಾವು.”

ಸಮತಾಗೆ ಬೆಳಗಿನ ಗುತ್ತೆವ್ವ ನೆನಪಾದಳು. ಹಾಗಾದರೆ ಸಕ್ಕರೆ ಕಾಯಿಲೆಯ ಗುಳಿಗೆ, ಆ ಕಾಯಿಲೆಯೇ ಇಲ್ಲದ ಗುತ್ತೆವ್ವನ ಹೊಟ್ಟೆ ಸೇರಿತ್ತು. ಅಂಥವರ ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಬಿಡಬಹುದು. ಎಚ್ಚರ ತಪ್ಪಬಹುದು. ಜೀವಕ್ಕೇ ಬರಬಹುದು. ಮೇಲಾಗಿ ಶ್ರಾವಣ ಸೋಮವಾರ. ಅರ್ಧ ಊರು ಉಪವಾಸ.

ಆ ಗುತ್ತೆವ್ವನ ಮಗ ಫಕ್ಕೀರೇಶನಿಗೆ ಫೋನ್ ಮಾಡಿದಳು. ಅವನು ಬಾಡಿಗೆ ಟೆಂಪೋ ಓಡಿಸುವವನು, ಎತ್ತಲಿಲ್ಲ. ಮತ್ತೆ ಮಾಡಿದಳು. ಕೂತಳು, ಎದ್ದಳು, ಬಾಗಿಲ ತನಕ ಹೋಗಿ ತಿರುಗಿ ಬಂದಳು. ಕೊನೆಗೆ ಆಶಾ ಕಾರ್ಯಕರ್ತೆ ಶಾಕೀರಾಳಿಗೆ ಫೋನ್ ಹಚ್ಚಿದಳು.

“ಶಾಕೀರಕ್ಕ, ಗುತ್ತೆವ್ವ ಇವತ್ತ ಯಾರ ಗದ್ದಿ ನಾಟಿಗೆ ಹೋಗ್ಯಾರ?”

“ಯಾವ ಗುತ್ತೆವ್ವ?”

ಬೆಳಗ್ಗೆ ತಾನು ಕೇಳಬೇಕಿದ್ದ ಮಾತು ಅದೇ. “ಫಕ್ಕೀರೇಶನ ಅವ್ವ. ಲಗೂನ ಬಾ ಅಕ್ಕ. ನನ್ನಿಂದ ತಪ್ಪಾಗೇತಿ.”

ಯಾರ ಗದ್ದೆ ಎಂದು ಶಾಕೀರಾಗೆ ಗೊತ್ತಿತ್ತು. ಇಬ್ಬರೂ ಸ್ಕೂಟಿಯಲ್ಲಿ ಕಾಲುವೆ ದಾರಿ ಹಿಡಿದರು. ಕೆಸರಿನಲ್ಲಿ ಗಾಲಿ ಎರಡು ಸಲ ಜಾರಿತು. ಕೊನೆಯ ಅರ್ಧ ಫರ್ಲಾಂಗು ಓಡಿದರು.

ಬದುವಿನ ಮೇಲೆ ಹೆಂಗಸರು ಗುಂಪುಗೂಡಿದ್ದರು. ನಡುವೆ ಗುತ್ತೆವ್ವ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು. ಮಾತು ತೊದಲುತ್ತಿತ್ತು.

“ಉಪಾಸ ಇದ್ದಾಳ, ಬಿಸಿಲು ಬ್ಯಾರೆ ಬಿದ್ದೈತಿ,” ಎಂದಳು ಒಬ್ಬಳು. “ನೆರಳಾಗ ಮಲಗಿಸಿದ್ರ ಸುಧಾರಿಸ್ತಾಳ.”

ಸಮತಾ ಆಕೆಯ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನಲವತ್ತೆಂಟು. ಎಪ್ಪತ್ತರ ಕೆಳಗೆ ಇಳಿಯಲೇಬಾರದು. ಗುತ್ತೆವ್ವನಿಗೆ ಇನ್ನೂ ನುಂಗಲು ಬರುತ್ತಿತ್ತು, ಅದೊಂದು ಪುಣ್ಯ. ಗ್ಲೂಕೋಸ್ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹದಿನೈದು ನಿಮಿಷದಲ್ಲಿ ನಡುಕ ನಿಂತಿತು. “ಉಪಾಸ ಕೆಡಿಸಿದ್ಯಲ್ಲವಾ,” ಎಂದು ಗುತ್ತೆವ್ವ ಗೊಣಗಿದಳು. ಹೆಂಗಸರು ನಕ್ಕರು. ಸಮತಾ ನಗಲಿಲ್ಲ. ದೂರ ಸರಿದು ಹಿರೇಕೆರೂರಿನ ಆಸ್ಪತ್ರೆಯ ಡಾಕ್ಟರ್ ಪದ್ಮಜಾ ಅವರಿಗೆ ಫೋನ್ ಮಾಡಿ, ಒಂದೂ ಬಿಡದೆ ಹೇಳಿದಳು.

“ಈಗ ಸಕ್ಕರಿ ಏರೇತಿ ಅಂತ ಮನಿಗೆ ಕಳಸಬ್ಯಾಡ,” ಎಂದರು ಡಾಕ್ಟರು. “ಆ ಗುಳಿಗಿ ನಾಳೆ ತನಕ ಕೆಲಸ ಮಾಡತದ. 108ಕ್ಕ ಹಚ್ಚು, ಕರಕೊಂಡ ಬಾ. ಮನಿಯವರಿಗೆ ಹೇಳಿಯೇನು?”

“ಇನ್ನೂ ಇಲ್ರಿ ಮೇಡಂ.”

“ನೀನ ಹೇಳಬೇಕು. ಬೇಕಾದ್ರ ನಾ ಬಾಜೂ ಇರ್ತೇನಿ.”

ಹಿರೇಕೆರೂರಿನ ಆಸ್ಪತ್ರೆಗೆ ಫಕ್ಕೀರೇಶ ಓಡಿ ಬಂದ. ತಾಯಿಯನ್ನು ನೋಡಿ, ಹೊರಗೆ ಬಂದು ಸಮತಾಗೆ ಕೈ ಮುಗಿದ. “ಯಾಳ್ಯಾಕ್ಕ ಸರಿಯಾಗಿ ಹೋದ್ರಿ ಸಿಸ್ಟರ್. ಉಪಾಸ ಮಾಡಬ್ಯಾಡ ಅಂದ್ರ ಕೇಳೂದಿಲ್ಲ ನಮ್ಮವ್ವ. ನೀವಿಲ್ಲದಿದ್ರ ಏನಾಗ್ತಿತ್ತೊ.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಿಸಿಲು ಎಂದು ಊರೇ ಹೇಳಿತ್ತು. ಮುಗಿದ ಆ ಕೈಗಳನ್ನು ಸಮತಾ ನೋಡಲಾರದೆ ಹೋದಳು.

“ಬಿಸಿಲಿಗೆ ಅಲ್ರಿ,” ಎಂದಳು. “ಇನ್ನೊಬ್ಬ ಗುತ್ತೆವ್ವನ ಸಕ್ಕರಿ ಗುಳಿಗಿ ನಿಮ್ಮವ್ವಗ ಕೊಟ್ಟೆ. ಹೆಸರು ಕೂಗಿದೆ, ಬ್ಯಾರೇನೂ ಕೇಳ್ಲಿಲ್ಲ. ತಪ್ಪು ನಂದು.”

ಫಕ್ಕೀರೇಶ ಮುಗಿದ ಕೈ ಇಳಿಸಿದ. ಆಮೇಲೆ ಮೆಲ್ಲಗೆ ಅಂದ, “ನಮ್ಮಂಥವ್ರ ಪೂರಾ ಹೆಸರು ಕೇಳಾಕ ನಿಮಗ ಪುರಸೊತ್ತಿಲ್ಲ, ಅಲ್ಲೇನ್ರಿ?”

ಬೈದಿದ್ದರೆ ಸಹಿಸಬಹುದಿತ್ತು. ಈ ಮಾತು ಅವಳ ಎದೆಯಲ್ಲಿ ನಾಟಿ ನಿಂತಿತು.

ಸಂಜೆ ಆರಕ್ಕೆ ಗುತ್ತೆವ್ವನ ಸಕ್ಕರೆ ಮತ್ತೆ ಇಳಿಯಿತು. ಕಾರಣ ಗೊತ್ತಿದ್ದರಿಂದ ನರ್ಸುಗಳು ಗಂಟೆಗೊಮ್ಮೆ ನೋಡುತ್ತಲೇ ಇದ್ದರು; ಕೂಡಲೇ ಗ್ಲೂಕೋಸ್ ಏರಿಸಿದರು. ಮರುದಿನ ಮಧ್ಯಾಹ್ನ ಮನೆಗೆ ಕಳಿಸಿದರು.

ಆದದ್ದೆಲ್ಲವನ್ನೂ ಸಮತಾ ಬರೆದು ಕೊಟ್ಟಳು. “ಆದದ್ದಷ್ಟ ಅಲ್ಲ, ಯಾಕ ಆತು ಅನ್ನೂದನ್ನೂ ಬರಿ,” ಎಂದಿದ್ದರು ಪದ್ಮಜಾ. ಬರೆಯುವಾಗ ತಪ್ಪನ್ನು ಟ್ರ್ಯಾಕ್ಟರಿನ ಹಾರ್ನಿನ ಮೇಲೆ ಹಾಕಲು ಮನಸ್ಸಾಯಿತು. ಹಾಕಲಿಲ್ಲ.

ಆ ವಾರ ಅವಳಿಗೆ ಅನ್ನ ಸೇರಲಿಲ್ಲ. ಗುತ್ತೆವ್ವನನ್ನು ನೋಡಲು ಎರಡು ದಿನ ಹೋದಳು. ಎರಡು ದಿನವೂ ಫಕ್ಕೀರೇಶ ಬಾಗಿಲಿಗೆ ಅಡ್ಡ ನಿಂತು “ಅವ್ವ ಮಲಗ್ಯಾಳ” ಎಂದ. ಸುದ್ದಿ ಊರೆಲ್ಲ ಹಬ್ಬಿತ್ತು. ಗುರುವಾರದ ಲಸಿಕೆಗೆ ಹನ್ನೆರಡು ಮಕ್ಕಳು ಬರಬೇಕಿತ್ತು. ಬಂದದ್ದು ಐದು.

ಮೂರನೆಯ ಸಲ ಶಾಕೀರಾಳೂ ಜೊತೆಗೆ ಹೋದಳು.

“ನಾವು ಇನ್ನ ನಿಮ್ಮ ಕೇಂದ್ರಕ್ಕ ಬರೂದಿಲ್ಲ,” ಎಂದ ಫಕ್ಕೀರೇಶ. “ಎಲ್ಲಾದ್ರೂ ಹೊರಗ ತೋರಸ್ತೇನಿ.”

“ತೋರ್ಸು, ಬ್ಯಾಡ ಅನ್ನಲ್ಲ,” ಎಂದಳು ಶಾಕೀರಾ. “ಆದ್ರ ಒಂದ್ ಮಾತು ಕೇಳು. ಮೂರು ವರ್ಷದ ಹಿಂದ ನಮ್ಮ ಮನಿಯವರಿಗೆ ಒಂದ್ ಕಡೆ ಇಂಜೆಕ್ಷನ್ ಮಾಡಿದ್ರು. ಮೈಯೆಲ್ಲ ಬಾತು, ಉಸಿರು ಕಟ್ಟಿತ್ತು. ಯಾಕ ಅಂತ ಕೇಳಿದ್ರ, ‘ನಿಮ್ಮ ಮೈಯೇ ಹಂಗ’ ಅಂದು ಕಳಸಿದ್ರು. ಅದು ಯಾವ ಔಷಧ ಅಂತ ಇವತ್ತಿಗೂ ಗೊತ್ತಿಲ್ಲ. ಎಲ್ಲಿ ಸೂಜಿ ಹಿಡದ್ರೂ ನನಗ ಜೀವ ಹಾರತೈತಿ. ನಿಮ್ಮವ್ವಗ ಏನಾಗಿತ್ತು ಅಂತ ನಿನಗ ಗೊತ್ತೈತಿ. ಹೆಂಗ ಗೊತ್ತಾತು?”

“ಸಿಸ್ಟರ್ ಹೇಳಿದ್ರು,” ಎಂದ ಫಕ್ಕೀರೇಶ.

“ಆಕಿ ‘ಬಿಸಿಲು’ ಅಂದು ಬಾಯಿ ಮುಚ್ಚಿದ್ರ, ನೀನು ಅವ್ವನ್ನ ಅವತ್ತ ಮನಿಗೆ ಕರಕೊಂಡು ಬರ್ತಿದ್ದಿ. ಸಂಜಿಕೆ ಸಕ್ಕರಿ ಇಳದಾಗ ನಿದ್ದಿ ಹತ್ಯಾಳ ಅಂತ ಚಾದರ ಹೊಚ್ಚತಿದ್ದಿ. ತಪ್ಪ ಮಾಡದವ್ರನ್ನ ಹುಡುಕಿದ್ರ ಯಾವ ಊರಾಗೂ ಸಿಗೂದಿಲ್ಲ ತಮ್ಮಾ. ತಪ್ಪಾದ ಕೂಡ್ಲೇ ಓಡಿ ಬರೋರು ಸಿಗೂದೂ ಕಷ್ಟ.”

ಒಳಗಿನಿಂದ ಗುತ್ತೆವ್ವನ ದನಿ ಬಂತು. “ಬಾಗಲಾ ಬಿಡೋ. ಆಕಿನ್ನ ಒಳಗ ಕರಿ.”

ಸಮತಾ ಒಳಗೆ ಹೋಗಿ ಮುದುಕಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. “ತಪ್ಪಾತು ಯವ್ವಾ,” ಎಂದಳು.

“ಹೆದರಿಕಿ ಹೋತೇನು ನಿಂದು?”

“ಇಲ್ಲವ್ವಾ.”

“ಪೂರಾ ಹೋಗೂದೂ ಬ್ಯಾಡ. ಒಂಚೂರು ಇರ್ಲಿ. ಕೈ ನೆಟ್ಟಗ ಇರತೈತಿ.” ಗುತ್ತೆವ್ವ ಮಗನ ಕಡೆ ತಿರುಗಿದಳು. “ಚಾ ಇಡೋ.”

ಫಕ್ಕೀರೇಶ ಒಲೆಯ ಕಡೆ ಹೋದ. ಚಹ ಕೊಡುವಾಗ ಕೇಳಿದ, “ಇನ್ನ ಮ್ಯಾಲೆ ಹಿಂಗ ಆಗಬಾರದು ಅಂದ್ರ ಏನ್ ಮಾಡ್ತೀರಿ?”

“ಹೆಸರು, ಗಂಡನ ಹೆಸರು, ವಯಸ್ಸು, ಯಾವ ರೋಗಕ್ಕ ಗುಳಿಗಿ, ಇಷ್ಟು ಅವರ ಬಾಯಿಂದನ ಹೇಳಿಸ್ತೇನ್ರಿ. ಕಾರ್ಡ್ ನೋಡದ ಕೊಡೂದಿಲ್ಲ. ಎಷ್ಟ ಗದ್ದಲ ಇರ್ಲಿ.”

“ಟ್ರ್ಯಾಕ್ಟರಿನವಗ ನಾ ಹೇಳ್ತೇನಿ,” ಎಂದ ಫಕ್ಕೀರೇಶ. “ಗುಳಿಗಿ ದಿನ ಅರ್ಧ ತಾಸು ತಡದು ಬಾ ಅಂತ.”

ಮುಂದಿನ ತಿಂಗಳು ಅವನೇ ತಾಯಿಯನ್ನು ಕರೆತಂದ. ಲಸಿಕೆಗೆ ಮಕ್ಕಳೂ ಬಂದರು, ಎಲ್ಲರೂ ಅಲ್ಲ. ಒಂದು ಮನೆಯವರು ಇನ್ನೂ ಬಂದಿಲ್ಲ. ಸಮತಾ ಅವರ ಮನೆಗೆ ಹೋಗುತ್ತಲೇ ಇದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಗೆ ಗುಳಿಗೆ ಬಂದಾಗ ಬಿಚ್ಚಿ ನೋಡಿ. ಇದು ಯಾವುದಕ್ಕೆ, ಊಟದ ಮೊದಲೋ ನಂತರವೋ ಎಂದು ಕೇಳಿ. ಬಣ್ಣ ಬೇರೆ ಕಂಡರೆ ನುಂಗುವ ಮೊದಲೇ ಹೇಳಿ. ಚಹದ ಅಂಗಡಿಯ ಗುತ್ತೆವ್ವ ಹೇಳಿದ್ದರಿಂದಲೇ ಒಂದು ಜೀವ ಉಳಿಯಿತು. ಕೇಳಿದರೆ ಸಿಸ್ಟರ್ ಸಿಟ್ಟಾಗುತ್ತಾರೆ ಎಂದು ಅಂಜಬೇಡಿ. ಕೇಳುವುದು ನಿಮ್ಮ ಹಕ್ಕು.

ಆರೋಗ್ಯ ಸೇವೆಯಲ್ಲಿರುವ ತಂಗಿ, ತಮ್ಮಂದಿರೇ, ನಿಮಗೂ ಒಂದು ಮಾತು. ಎದುರು ನಿಂತವರ ಮುಖ ನೋಡಿ ಹೆಸರು ಕೇಳಿ. ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಕೈ ತಪ್ಪಬಹುದು. ಆ ದಿನ ಮೊದಲು ರೋಗಿಯ ಕಡೆ ಓಡಿ, ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ. ನಿಮ್ಮ ಮಾತಿನ ಮೇಲೆ ಇನ್ನೊಬ್ಬರ ಜೀವ ನಿಂತಿರುತ್ತದೆ.